ಆರಿದ ಊಟ

ಪಿಟೀಲು ಮೇಷ್ಟ್ರು ನಿಂತು ನುಡಿಸುವ ಜಾಗ ಅಡುಗೆಮನೆಯ ಬಾಗಿಲಿಗೂ ಒಂದು ಪ್ಲಾಸ್ಟಿಕ್ ಗಿಡಕ್ಕೂ ನಡುವೆ ಇತ್ತು. ಹೋಟೆಲಿನವರು ಅದನ್ನು ವೇದಿಕೆ ಅನ್ನುತ್ತಿದ್ದರು. ನೆಲಕ್ಕಿಂತ ಒಂದು ಗೇಣು ಎತ್ತರದ ಹಲಗೆ, ಅದರ ಮೇಲೊಂದು ಕೀಬೋರ್ಡು, ಒಂದು ಕುರ್ಚಿ, ಮಿಕ್ಕ ಜಾಗದಲ್ಲಿ ಮೇಷ್ಟ್ರು. ಅಡುಗೆಮನೆಯ ಬಾಗಿಲು ಎರಡೂ ಕಡೆಗೆ ತೆರೆಯುವಂಥದ್ದು. ಎರಡೂ ಕೈಯಲ್ಲಿ ತಟ್ಟೆ ಹಿಡಿದವರು ಅದನ್ನು ಕಾಲಿನಿಂದ ತಳ್ಳಿಕೊಂಡು ಬರುತ್ತಿದ್ದರು, ಅವರ ಹಿಂದೆಯೇ ಬಿಸಿ ಹಬೆಯೂ ಬಂದು ತಂತಿಗಳನ್ನು ಸಡಿಲ ಮಾಡಿ ಹೋಗುತ್ತಿತ್ತು. ಮೇಷ್ಟ್ರು ಶ್ರುತಿ ಸೇರಿಸುವುದು, ಬಾಗಿಲು ತೆರೆಯುವುದು, ಶ್ರುತಿ ಇಳಿಯುವುದು. ಮೊದಮೊದಲು ಅವರಿಗೆ ಅದೊಂದು ತಲೆನೋವಾಗಿತ್ತು. ಇಳಿದ ಶ್ರುತಿ ತಮಗೊಬ್ಬರಿಗೇ ಗೊತ್ತಾಗುವುದು ಅಂತ ಖಾತ್ರಿಯಾದ ಮೇಲೆ ತಲೆನೋವು ತಾನಾಗಿ ವಾಸಿಯಾಯಿತು.

ಸೇರಿದ ದಿನವೇ ಮ್ಯಾನೇಜರು ಪಾಠ ಹೇಳಿದ್ದರು. "ನೋಡಿ ಮೇಷ್ಟ್ರೇ, ಇಲ್ಲಿ ಸಂಗೀತ ಅಂದ್ರೆ ಫ್ಯಾನ್ ಇದ್ದ ಹಾಗೆ. ತಿರುಗ್ತಾ ಇರೋವಾಗ ಯಾರೂ ತಲೆ ಎತ್ತಿ ನೋಡಬಾರದು. ನಿಂತಾಗ ಮಾತ್ರ ಏನೋ ಕಮ್ಮಿ ಆಯ್ತಲ್ಲ ಅನ್ನಿಸಬೇಕು." ಅಂದು ಮೇಷ್ಟ್ರು ವಯಸ್ಸಿನ ಬಿಸಿಯಲ್ಲಿ ಒಳಗೊಳಗೇ ನಕ್ಕಿದ್ದರು. ನನ್ನ ಪಿಟೀಲು ಕೇಳಿ ನಾಲ್ಕು ಜನ ಚಮಚ ಕೆಳಗಿಡದಿದ್ದರೆ ನಾನ್ಯಾತರ ವಾದ್ಯಗಾರ ಅಂದುಕೊಂಡಿದ್ದರು. ವರ್ಷಗಳು ಉರುಳಿದವು. ಕರಿ ಕೋಟಿನ ಮೊಣಕೈ ಸವೆದು ಮಿರುಗತೊಡಗಿತು, ಗಲ್ಲದ ಕೆಳಗೆ ಪಿಟೀಲು ಒತ್ತಿದ ಕಡೆ ಚರ್ಮ ಕಪ್ಪಾಗಿ ಗಟ್ಟಿಯಾಯಿತು. ಚಮಚ ಕೆಳಗಿಟ್ಟವರು ಯಾರೂ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಗಾದೆ ಕಟ್ಟಿದವನು ಕೋಣನನ್ನು ಬೈದನೋ ಕಿನ್ನರಿಯವನನ್ನು ಬೈದನೋ ಅಂತ ಮೇಷ್ಟ್ರಿಗೆ ಈಚೆಗೆ ಅನುಮಾನ ಶುರುವಾಗಿತ್ತು.

ಮಗಳು ಚಿಕ್ಕವಳಿದ್ದಾಗ ಅವರು ಮನೆಗೆ ಬರುವುದನ್ನೇ ಕಾಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ. "ಅಪ್ಪಾ, ಇವತ್ತು ಜನಕ್ಕೆ ಇಷ್ಟ ಆಯ್ತಾ?" ಮಗುವಿಗೆ ಏನು ಹೇಳುವುದು? "ಇಷ್ಟ ಆಗದೇ ಇರ್ತದಾ ಪುಟ್ಟಿ! ಎಲ್ಲರೂ ತಟ್ಟೆ ಖಾಲಿ ಮಾಡೇ ಎದ್ರು" ಅನ್ನುತ್ತಿದ್ದರು. ಅವಳಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ತುಟಿಯಂಚಿನಲ್ಲೇ ನಗುತ್ತಿದ್ದಳು. ಮಗು ಮಾತ್ರ ನಂಬಿತು. ತಟ್ಟೆ ಖಾಲಿಯಾದರೆ ಸಂಗೀತ ಗೆದ್ದಿತು ಅಂತ ಅದರ ತಲೆಯಲ್ಲಿ ಕೂತಿತು. ಮಕ್ಕಳಿಗೆ ಹೇಳಿದ ಚಿಲ್ಲರೆ ಸುಳ್ಳುಗಳು ಎಲ್ಲೆಲ್ಲಿ ಬೇರು ಬಿಡುತ್ತವೆ ಅಂತ ಹೇಳಿದವನಿಗೂ ಗೊತ್ತಿರುವುದಿಲ್ಲ.

ಆ ಮಗಳು ಈಗ ಬೆಳೆದು ನಿಂತಿದ್ದಳು. ಪಿಟೀಲು ಕಲಿತದ್ದು ಅಪ್ಪನ ಬಳಿಯೇ. ಬೆಳಗಿನ ಹೊತ್ತು ಮನೆಗೆ ಪಾಠಕ್ಕೆ ಬರುವ ಮಕ್ಕಳಿಗೆ ಮೇಷ್ಟ್ರು "ಭೇಷ್, ಭೇಷ್" ಅನ್ನುತ್ತಿದ್ದರು. ಆ ಮಕ್ಕಳ ತಾಯಂದಿರು ಬಾಗಿಲಲ್ಲೇ ಕೂತಿರುತ್ತಿದ್ದರಲ್ಲ. ಮಗಳಿಗೆ ಮಾತ್ರ ಎಷ್ಟು ಚೆನ್ನಾಗಿ ನುಡಿಸಿದರೂ "ಪರವಾಗಿಲ್ಲ" ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮೇಷ್ಟ್ರು ಆ ಗಿಡದ ಕಡೆ ಸರಿಯಾಗಿ ಕಣ್ಣೆತ್ತಿ ನೋಡಿಯೇ ಇರಲಿಲ್ಲ. ಅವಳಿಗೆ ಔಷಧಿ ಉಗ್ರಾಣದ ಆಫೀಸಿನಲ್ಲಿ ಒಂದು ಕೆಲಸ ಗೊತ್ತಾಗಿತ್ತು, ಬರುವ ಸೋಮವಾರದಿಂದ ಸೇರಬೇಕಿತ್ತು. "ಮನೆಗೊಬ್ಬ ಸಂಗೀತಗಾರ ಸಾಕು. ಇನ್ನೊಬ್ಬರನ್ನ ಸಾಕೋ ಶಕ್ತಿ ನನ್ನ ಹೊಲಿಗೆ ಯಂತ್ರಕ್ಕಿಲ್ಲ" ಅಂತ ಅವಳಮ್ಮ ತೀರ್ಪು ಕೊಟ್ಟಾಗಿತ್ತು.

ಅಷ್ಟರಲ್ಲಿ ಮೇಷ್ಟ್ರ ಬಲಭುಜ ಹಿಡಿದುಕೊಂಡಿತು. ಕಮಾನು ಎತ್ತುವುದಿರಲಿ, ಬಾಚಣಿಗೆ ತಲೆಯ ತನಕ ಹೋಗುತ್ತಿರಲಿಲ್ಲ. ಡಾಕ್ಟರು ಒಂದು ವಾರ ಕೈ ಅಲ್ಲಾಡಿಸಬೇಡಿ ಅಂದರು. ಹೋಟೆಲಿಗೆ ಬದಲಿ ಕಳಿಸಬೇಕು. ಅದೂ ಯಾವ ಹೊತ್ತಿನಲ್ಲಿ! ಮ್ಯಾನೇಜರು ವಾದ್ಯದವರ ಬದಲಿಗೆ ಚಾವಣಿಗೆ ಸ್ಪೀಕರ್ ಹಾಕಿಸುವ ಮಾತು ತೆಗೆದು ತಿಂಗಳಾಗಿತ್ತು, ಏಣಿ ಹಾಕಿ ಅಳತೆ ತೆಗೆದುಕೊಂಡು ಹೋದದ್ದೂ ಆಗಿತ್ತು.

ಬದಲಿ ಕಳಿಸುವುದರಲ್ಲಿ ವಾದ್ಯದವರಿಗೆ ಒಂದು ಕಟ್ಟಳೆ ಇದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಬದಲಿಗೆ ಹೋಗುವವನು ನಿನಗಿಂತ ಒಂದು ಗುಲಗಂಜಿ ತೂಕ ಕಡಿಮೆ ಇರಬೇಕು. ತೀರಾ ಕಡಿಮೆಯಾದರೆ "ಎಂಥವನನ್ನ ಕಳಿಸಿದ್ರಿ" ಅಂತ ಉಗಿಸಿಕೊಳ್ಳಬೇಕು, ಗುಲಗಂಜಿಯಷ್ಟು ಹೆಚ್ಚಾದರೆ ನಿನ್ನ ಕುರ್ಚಿ ಅವನದಾಗುತ್ತದೆ. ಮೇಷ್ಟ್ರ ಬಳಿ ಹಾಗೆ ತೂಗಿ ಇಟ್ಟುಕೊಂಡ ಇಬ್ಬರು ಬದಲಿಗಳಿದ್ದರು. ಒಬ್ಬ ಮದುವೆ ಬ್ಯಾಂಡಿನ ಜೊತೆ ಊರೂರು ಸುತ್ತುತ್ತಿದ್ದ. ಇನ್ನೊಬ್ಬ ಪಿಟೀಲು ಮಾರಿ ಸಾಮಾನಿನ ಗಾಡಿ ಓಡಿಸಲು ಶುರು ಮಾಡಿದ್ದ. "ಈಗ ನನ್ನ ಹಾರನ್ ಕೇಳಿದ್ರೆ ಜನ ತಿರುಗಿ ನೋಡ್ತಾರೆ ಮೇಷ್ಟ್ರೇ" ಅಂದ, ಖುಷಿಯಾಗಿಯೇ.

"ನಾನು ಹೋಗ್ಲಾ ಅಪ್ಪ?" ಅಂದಳು ಮಗಳು.

ಮೇಷ್ಟ್ರು ಅವಳನ್ನು ಮನಸ್ಸಿನಲ್ಲೇ ತೂಗಿದರು. ನಾನು ಕಲಿಸಿದ್ದು ತಾನೆ, ನನಗಿಂತ ಗುಲಗಂಜಿ ಕಡಿಮೆಯೇ ಇದ್ದಾಳು ಅಂದುಕೊಂಡರು.

"ಒಂದು ವಾರ ಜನರ ಮುಂದೆ ನುಡಿಸ್ತೀನಿ" ಅಂದಳು ಅವಳು ತನ್ನಮ್ಮನ ಕಡೆ ತಿರುಗಿ. "ಅವರಿಗೆ ಇಷ್ಟ ಆದ್ರೆ ನನ್ನ ದಾರಿ ಇದೇ. ಇಲ್ಲಾಂದ್ರೆ ಸೋಮವಾರ ಬಾಯಿ ಮುಚ್ಕೊಂಡು ಕೆಲಸಕ್ಕೆ ಹೋಗ್ತೀನಿ. ಆಮೇಲೆ ಈ ಮಾತು ಎತ್ತಲ್ಲ." ಅವಳಮ್ಮ ದಾರ ಕಚ್ಚಿ ಕತ್ತರಿಸಿದಳು. ಮೇಷ್ಟ್ರು ತಲೆಯಾಡಿಸಿದರು. ಮಗಳ ಬದುಕು ಆ ಊಟದ ಹಾಲ್‌ನ ಜನರ ಕೈಗೆ ಹೋದದ್ದು ಹೀಗೆ.

ಮೊದಲ ದಿನ ಅವಳು ಬಂದವಳೇ ಮುಖ ತೊಳೆದು ಸುಮ್ಮನೆ ಮಲಗಿದಳು. ಮರುದಿನವೂ ಅದೇ. ಮೂರನೆಯ ದಿನ ಮೇಷ್ಟ್ರು ತಡೆಯಲಾರದೆ ಕೇಳಿದರು, ಹೇಗಿತ್ತು ಅಂತ.

"ಏನೋಪ್ಪ, ಸರಿ ಹೋಗ್ತಿಲ್ಲ" ಅಂದಳು. "ನಾನು ಶುರು ಮಾಡಿದ ಕೂಡ್ಲೇ ಎಲ್ಲರೂ ಸುಮ್ನಾಗಿಬಿಡ್ತಾರೆ. ತಿನ್ನೋದು ಬಿಟ್ಟು ನನ್ನ ಮುಖಾನೇ ನೋಡ್ತಾರೆ. ಚಪ್ಪಾಳೆನೂ ಇಲ್ಲ. ಇವತ್ತು ಒಬ್ಬರೂ ತಟ್ಟೆ ಖಾಲಿ ಮಾಡ್ಲಿಲ್ಲ ಅಪ್ಪ. ಹಾಗೇ ಬಿಟ್ಟು ಎದ್ದು ಹೋದ್ರು."

ಆ ಹಾಲ್ ಸುಮ್ಮನಾಯಿತೇ? ಹೊರಗೆ ಬಸ್ಸು ಗುದ್ದಿದಾಗಲೂ ಸುಮ್ಮನಾಗದೆ, ಅದನ್ನೇ ಮಾತಾಡಿಕೊಂಡು ಇನ್ನೊಂದು ಸೂಪು ತರಿಸಿದ್ದ ಹಾಲ್ ಅದು. ಅವರಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ತಿಳಿದೂ ಬಾಯಿಂದ ಬಂದದ್ದು ಬೇರೆ. "ಹೊಸ ಜಾಗ, ಹಾಗೇ ಇರುತ್ತೆ" ಅಂದರು.

ಮಾರನೆಯ ಮಧ್ಯಾಹ್ನವೇ ಮ್ಯಾನೇಜರು ಕರೆಸಿದರು. ಅವರೇನೂ ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿ, ಭುಜ ಹೇಗಿದೆ ಅಂತ ವಿಚಾರಿಸಿ, ಆಮೇಲೆ ಹಣೆ ಒರೆಸಿಕೊಂಡರು.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಇವತ್ತಿನಿಂದ ಮಗಳನ್ನ ಕಳಿಸೋದು ಬೇಡ."

"ಏನಾಯ್ತು?"

"ಏನಾಗ್ಲಿಲ್ಲ ಕೇಳಿ! ಬಿಸಿ ಸೂಪು ತಣ್ಣಗಾಗಿ ವಾಪಸ್ ಬರ್ತಿದೆ. ಊಟ ಮುಗಿದವರು ಏಳಲ್ಲ, ಏಳದವರು ಇನ್ನೇನೂ ತರಿಸಲ್ಲ. ಬಾಗಿಲಲ್ಲಿ ಜಾಗಕ್ಕೆ ಕಾಯೋರ ಸಾಲು. ಪಾತ್ರೆ ತೊಳೆಯೋನು ಒದ್ದೆ ಕೈಯಲ್ಲಿ ಹಾಲ್‌ಗೆ ಬಂದು ನಿಂತಿದ್ದ ಅಂತ ಬೈಯೋಕೆ ಹೋದೆ. ಹೋದವನು ನಾನೂ ಅಲ್ಲೇ ನಿಂತುಬಿಟ್ಟೆ." ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. "ಹೀಗಾದ್ರೆ ವ್ಯಾಪಾರ ಆಗುತ್ತಾ, ನೀವೇ ಹೇಳಿ. ನೀವು ಬೇಗ ವಾಸಿಯಾಗಿ ಬನ್ನಿ. ನೀವು ನುಡಿಸಿದ್ರೆ ಯಾರಿಗೂ ಏನೂ ತೊಂದ್ರೆ ಇಲ್ಲ."

ಮೇಷ್ಟ್ರು ಎದ್ದರು. ಬಾಗಿಲ ತನಕ ಬಂದ ಮ್ಯಾನೇಜರು ಅವರ ಬೆನ್ನು ತಟ್ಟಿದರು. "ಆ ಸ್ಪೀಕರ್ ವಿಷಯ ಮರೆತುಬಿಡಿ. ನೀವಿರೋವಾಗ ಸ್ಪೀಕರ್ ಯಾಕೆ!"

ಪಾಪ, ಹೊಗಳಿಕೆಯೆಂದೇ ಹೇಳಿದ್ದು.

ಹಾಲ್‌ನಲ್ಲಿ ಕೀಬೋರ್ಡಿನವನು ವೈರು ಸಿಕ್ಕಿಸುತ್ತಿದ್ದ. ಕಣ್ಣು ಅರೆಮುಚ್ಚಿಕೊಂಡೇ ನುಡಿಸುತ್ತಿದ್ದನಾದ್ದರಿಂದ ಅವನಿಗೆ ಎಲ್ಲರೂ ನಿದ್ದೆಗಣ್ಣ ಅನ್ನುತ್ತಿದ್ದರು. ಮೇಷ್ಟ್ರನ್ನು ಕಂಡು ಕಣ್ಣು ಪೂರ್ತಿ ತೆರೆದ. "ಮೇಷ್ಟ್ರೇ, ನಿಮ್ಮ ಮಗಳು ನನ್ನ ನಿದ್ದೆ ಕೆಡಿಸಿದಳು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಕೈ ತಪ್ಪಿದೆ ನೋಡಿ. ಅವಳನ್ನ ಕೇಳ್ತಾ ಕೂತು ನಾನು ನುಡಿಸೋದನ್ನೇ ಮರೆತೆ. ಅವಳಿಗೆ ಹೇಳಿ, ಪಾಪ, ದಿನಾ ಮುಖ ಸಣ್ಣ ಮಾಡ್ಕೊಂಡು ಹೋಗ್ತಾಳೆ." ಮೇಷ್ಟ್ರು ಹೇಳ್ತೀನಿ ಅಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಅವರು ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ನಡೆದರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಏನಾಗುತ್ತದೆ? ಅವಳು ಈ ದಾರಿ ಹಿಡಿಯುತ್ತಾಳೆ. ಈ ದಾರಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲವೇ? ಸವೆದ ಕೋಟು, ಹಿಡಿದುಕೊಂಡ ಭುಜ, ಇಂದೋ ನಾಳೆಯೋ ಬರುವ ಸ್ಪೀಕರು. ಉಗ್ರಾಣದ ಆಫೀಸಿನಲ್ಲಾದರೆ ಕುರ್ಚಿಗೆ ಬೆನ್ನಾದರೂ ಇರುತ್ತದೆ. ಹೀಗೆಲ್ಲ ತಂದೆಯ ಹಾಗೆ ಯೋಚಿಸುತ್ತ ಬಂದರು. ಯೋಚನೆಯ ತಳದಲ್ಲಿ ಇನ್ನೊಂದು ಕೂತಿತ್ತು, ಅದು ತಂದೆಯದಲ್ಲ. ಅದು ಹೊಟ್ಟೆಕಿಚ್ಚು. ತಮಗೆ ಒಂದು ದಿನವೂ ಸಿಗದ ಆ ಮೌನ ಅವಳಿಗೆ ಮೊದಲ ದಿನವೇ ಸಿಕ್ಕಿಬಿಟ್ಟಿತ್ತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚೇ ಅಂತ ಮೇಷ್ಟ್ರು ನಾಚಿ ನಡುರಸ್ತೆಯಲ್ಲಿ ನಿಂತರು, ಹಿಂದಿನಿಂದ ಬಂದವನೊಬ್ಬ ಬೈದು ಪಕ್ಕಕ್ಕೆ ಸರಿದು ಹೋದ.

ಬಾಗಿಲು ತೆರೆದವಳು ಮಗಳೇ. "ಏನಂದ್ರಪ್ಪ?"

"ಇವತ್ತಿನಿಂದ ಬರೋದು ಬೇಡ ಅಂದ್ರು."

ಒಂದಕ್ಷರ ಸುಳ್ಳಿರಲಿಲ್ಲ. ಅವಳು ಬಾಗಿಲ ಚಿಲಕ ಹಾಕಿದಳು. "ನಂಗೆ ಗೊತ್ತಿತ್ತು. ತಟ್ಟೆ ಖಾಲಿ ಆಗಿರಲಿಲ್ಲ" ಅಂದಳು. ಅತ್ತಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು. ಅಳಲಿಲ್ಲ. ಪಿಟೀಲು ತೆಗೆದು ಕಮಾನಿನಿಂದ ಉದುರಿದ ರಾಳದ ಪುಡಿಯನ್ನು ಬಟ್ಟೆಯಿಂದ ಒರೆಸಿದಳು, ಕಮಾನಿನ ತಿರುಪು ಸಡಿಲಿಸಿದಳು, ಆಮೇಲೆ ತಂತಿಗಳನ್ನೂ ಒಂದೊಂದಾಗಿ ಸಡಿಲಿಸಿದಳು. ಮತ್ತೆ ನುಡಿಸುವವರು ಯಾರೂ ತಂತಿ ಸಡಿಲಿಸುವುದಿಲ್ಲ.

"ಬೆಳಿಗ್ಗೆ ಪಾಠಕ್ಕೆ ಬರ್ತಾಳಲ್ಲ, ಬಾಡಿಗೆ ಪಿಟೀಲಿನ ಹುಡುಗಿ, ಅವಳಿಗೆ ಇದನ್ನ ಕೊಟ್ಟುಬಿಡಿ. ಇಲ್ಲಿದ್ರೆ ಧೂಳು ಹಿಡಿಯುತ್ತೆ ಅಷ್ಟೇ."

ಮೇಷ್ಟ್ರು ತಡವರಿಸಿದರು. "ಅಲ್ಲ ಪುಟ್ಟಿ, ನಿದ್ದೆಗಣ್ಣ ಹೇಳ್ತಿದ್ದ. ತುಂಬಾ ಚೆನ್ನಾಗಿ ನುಡಿಸಿದೆಯಂತೆ."

ಅವಳು ನಕ್ಕಳು. "ಬಿಡಿ ಅಪ್ಪ. ಹುಟ್ಟಿದಾಗಿನಿಂದ ಪರವಾಗಿಲ್ಲ ಅಂದವರು ಇವತ್ತು ತುಂಬಾ ಚೆನ್ನಾಗಿ ಅಂತಿದೀರಿ. ಅಷ್ಟೊಂದು ಕೆಟ್ಟದಾಗಿತ್ತಾ?"

ಹೇಳಬೇಕಾದರೆ ಪೂರ್ತಿ ಹೇಳಬೇಕು. ತಟ್ಟೆ ಖಾಲಿಯಾಗುವುದು ಅಂದರೇನು ಅಂತ ಹೇಳಬೇಕು, ಅದಕ್ಕೆ ತಮ್ಮ ಒಂದೊಂದು ಸಂಜೆಯನ್ನೂ ಬಿಚ್ಚಿಡಬೇಕು. ತಾವು ದೊಡ್ಡ ವಾದ್ಯಗಾರರು ಅಂತ ಈ ಲೋಕದಲ್ಲಿ ನಂಬಿದ್ದ ಜೀವ ಅದೊಂದೇ. ಹೆಂಡತಿಗೆ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ. ಅವಳು ಲೆಕ್ಕದ ಹೆಂಗಸು. ಆ ಒಂದು ಜೀವವನ್ನೂ ಕಳೆದುಕೊಂಡ ಮೇಲೆ ಉಳಿಯುವುದು ಅಡುಗೆಮನೆಯ ಬಾಗಿಲು ಮತ್ತು ಪ್ಲಾಸ್ಟಿಕ್ ಗಿಡ. ಮೇಷ್ಟ್ರು ಭುಜ ನೀವಿಕೊಂಡು ಒಳಗೆ ಹೋದರು.

ಶನಿವಾರದವರೆಗೆ ಹಾಗೇ ನಡೆಯಿತು. ಅವಳ ಪಿಟೀಲಿನ ಪೆಟ್ಟಿಗೆ ಗೋಡೆಗೆ ಒರಗಿ ನಿಂತೇ ಇತ್ತು. ಮಗಳು ಆಫೀಸಿಗೆಂದು ಎರಡು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಳು. ಪಾಠದ ಹುಡುಗಿ ಬಂದಾಗ ಮೇಷ್ಟ್ರು ಅವಳ ಬಾಡಿಗೆ ಪಿಟೀಲನ್ನೇ ಶ್ರುತಿ ಮಾಡಿಕೊಟ್ಟರು. ಆ ಹುಡುಗಿ ಗೊರಗೊರ ಕುಯ್ಯುತ್ತಿದ್ದಾಗ ಮಗಳು ಒಳಗೆ ಕಿವಿ ಮುಚ್ಚಿಕೊಂಡಿದ್ದು ಬಾಗಿಲ ಸಂದಿನಲ್ಲಿ ಕಂಡಿತು. ಹುಡುಗಿಯ ಮೇಲಿನ ಬೇಸರಕ್ಕೆ ಅಲ್ಲ ಅದು, ಮೇಷ್ಟ್ರಿಗೆ ಗೊತ್ತು. ಆಸೆಗೆ ಹಾಗೆ ಮುಚ್ಚಿಕೊಳ್ಳುತ್ತಾರೆ, ಹಸಿದವರು ಊಟದ ಕಡೆ ಬೆನ್ನು ತಿರುಗಿಸಿದಂತೆ.

"ನಾಳೆ ಮಧ್ಯಾಹ್ನ ನನ್ನ ಜೊತೆ ಹೋಟೆಲಿಗೆ ಬಾ" ಅಂದರು ಮೇಷ್ಟ್ರು, ಮಗಳು ಹೊರಬಂದಾಗ.

"ನಾನ್ಯಾಕೆ? ಬೇಡ ಅಂದಿದಾರಲ್ಲ."

"ನುಡಿಸೋಕಲ್ಲ. ಕೂತು ಊಟ ಮಾಡು. ಇಷ್ಟು ವರ್ಷದಲ್ಲಿ ನಾನು ಅಲ್ಲಿ ನುಡಿಸಿದ್ದನ್ನ ನೀನು ಒಂದು ದಿನವೂ ಕೇಳಿಲ್ಲ."

"ನಿಮ್ಮ ಭುಜ?"

"ಅದು ನನ್ನ ಭುಜ, ನಾನು ನೋಡ್ಕೊಳ್ತೀನಿ."

ವಾದ್ಯದವರಿಗೆ ಒಂದು ಊಟ ಹೋಟೆಲಿನದು. ಭಾನುವಾರ ಮೇಷ್ಟ್ರು ತಮ್ಮ ಊಟವನ್ನು ಮಗಳಿಗೆ ಹಾಕಿಸಿದರು. ಅಡುಗೆಮನೆಯ ಬಾಗಿಲು ಬಡಿಯುತ್ತದೆಂದು ಯಾರೂ ಕೂರದ ಮೇಜೊಂದು ಕಂಬದ ಪಕ್ಕದಲ್ಲಿತ್ತು, ಅಲ್ಲಿ ಕೂರಿಸಿದರು. ನಿದ್ದೆಗಣ್ಣ ಅವಳಿಗೆ ಕೈ ಬೀಸಿ, ಮೇಷ್ಟ್ರ ಮುಖ ನೋಡಿ, ಏನೂ ಕೇಳದೆ ಸ್ವರ ಹಿಡಿದ.

ಮೇಷ್ಟ್ರು ಮೊದಲು ಎತ್ತಿಕೊಂಡದ್ದು ಅವಳು ಮೊದಲ ದಿನ ನುಡಿಸಿದ್ದಳೆಂದು ನಿದ್ದೆಗಣ್ಣ ಹೇಳಿದ ಹಾಡನ್ನೇ. ಕಮಾನು ಎಳೆದ ಕೂಡಲೇ ಭುಜದಲ್ಲಿ ಸೂಜಿ ಆಡಿತು. ಹಾಲ್ ತುಂಬಿತ್ತು. ಹತ್ತಿರದ ಮೇಜಿನಲ್ಲಿ ಒಬ್ಬ ಬಾಯಿ ತುಂಬ ತುಂಬಿಕೊಂಡು ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದ. ಒಂದು ಮಗು ಚಮಚದಿಂದ ಮೇಜನ್ನು ಕುಟ್ಟುತ್ತಿತ್ತು, ಅದರ ತಾತ ತಾನೂ ಕುಟ್ಟಿ ಹುರಿದುಂಬಿಸುತ್ತಿದ್ದರು. ಬಾಗಿಲು ಬಡಿಯಿತು, ಹಬೆ ಬಂತು, ತಂತಿ ಇಳಿಯಿತು. ಮೇಷ್ಟ್ರು ಬಿರಡೆ ತಿರುಗಿಸಿ ಮತ್ತೆ ಎತ್ತಿಕೊಂಡರು. ಅವರು ಸುಮ್ಮನೆ ನುಡಿಸಿ ತೋರಿಸಿದ್ದರೆ ಸಾಕಿತ್ತು. ಆದರೆ ಮಗಳು ಎದುರಿಗೆ ಕೂತಿದ್ದಾಳೆ. ಎಷ್ಟೋ ಕಾಲದಿಂದ ಎತ್ತಿಟ್ಟಿದ್ದ ಮನಸ್ಸನ್ನೆಲ್ಲ ತೆಗೆದು ನುಡಿಸಿದರು, ಇದ್ದಬದ್ದದ್ದನ್ನೆಲ್ಲ ಹಾಕಿ ನುಡಿಸಿದರು. ಒಂದು ಚಮಚವೂ ನಿಲ್ಲಲಿಲ್ಲ. ಫೋನಿನವನು ದನಿ ಇನ್ನಷ್ಟು ಏರಿಸಿದ. ತಟ್ಟೆಗಳು ಖಾಲಿಯಾದವು, ಜನ ಎದ್ದರು, ಬೇರೆಯವರು ಬಂದು ಕೂತರು.

ಗಿಡದ ಎಲೆಗಳ ನಡುವೆ ಅವಳ ಮುಖವಷ್ಟೇ ಕಾಣುತ್ತಿತ್ತು. ಮೊದಲು ಅವಳು ಸಿಟ್ಟಿನಿಂದ ಸುತ್ತಲೂ ನೋಡಿದಳು. ಯಾವಾಗ ಸುಮ್ಮನಾಗುತ್ತಾರೆ ಅಂತ ಕಾದಳು. ಆಮೇಲೆ ಒಂದೊಂದೇ ಮೇಜಿನ ಮೇಲೆ ಅವಳ ಕಣ್ಣು ಹೋಯಿತು, ಒಂದೊಂದೇ ಖಾಲಿ ತಟ್ಟೆಯ ಮೇಲೆ. ಆಮೇಲೆ ಅಪ್ಪನ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತಿಳಿಯಿತು ಇವಳಿಗೆ ಅಂತ ಮೇಷ್ಟ್ರು ಕಣ್ಣು ಮುಚ್ಚಿದರು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

ಹೊರಟದ್ದು ಹಿಂಬಾಗಿಲಿನಿಂದ. ಖಾಲಿ ಡಬ್ಬಗಳ ಸಾಲು ದಾಟಿದರು. ಮಗಳು ಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದುಕೊಂಡಳು.

"ಯಾವಾಗ್ಲೂ ಹೀಗೇನಾ ಅಪ್ಪ?"

"ಭಾನುವಾರ ಸ್ವಲ್ಪ ಗಲಾಟೆ ಜಾಸ್ತಿ."

"ಹಾಗಾದ್ರೆ ನಾನು ನುಡಿಸಿದಾಗ ಅವರು..." ಅಂದಳು ಮಗಳು.

"ಹೂಂ. ಅದನ್ನ ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ ಅಂತ ಕರ್ಕೊಂಡು ಬಂದೆ."

"ತಟ್ಟೆ ಖಾಲಿ ಮಾಡಿ ಎದ್ರು ಅಂತ ಹೇಳ್ತಿದ್ರಲ್ಲ ದಿನಾ!"

"ಸುಳ್ಳು ಹೇಳಿಲ್ಲ ಕಣೆ. ಖಾಲಿ ಮಾಡಿಯೇ ಎದ್ದರು. ನೀನೇ ನೋಡಿದೆಯಲ್ಲ." ಇಬ್ಬರಿಗೂ ನಗು ಬಂತು, ನಗುತ್ತ ನಗುತ್ತ ಅವಳು ಅತ್ತುಬಿಟ್ಟಳು. ಬೀದಿಯಲ್ಲಿ ಹೋಗುವವರು ನೋಡಿದರು, ನೋಡಲಿ ಅಂದುಕೊಂಡರು ಮೇಷ್ಟ್ರು.

ಬಸ್ಸಿಗೆ ಕಾಯುವಾಗ ಅವಳು ಮೂಗು ಒರೆಸಿಕೊಂಡು ಹೇಳಿದಳು. "ನಾಳೆ ಕೆಲಸಕ್ಕೆ ಹೋಗ್ತೀನಿ. ಅಮ್ಮನಿಗೆ ಮಾತು ಕೊಟ್ಟಿದೀನಿ, ಹೊಟ್ಟೆಗೂ ಬೇಕಲ್ಲ. ಆದ್ರೆ ನನ್ನ ಪಿಟೀಲು ಯಾರಿಗೂ ಕೊಡಬೇಡಿ. ಕೇಳೋಕೆ ಅಂತಲೇ ಜನ ಬರೋ ಜಾಗ ಹುಡುಕ್ತೀನಿ. ಸಿಗೋ ತನಕ ಮನೇಲೇ ನುಡಿಸ್ತೀನಿ."

"ಸಿಗದಿದ್ರೆ?"

"ಸಿಗದಿದ್ರೆ ನೀವು ಇದೀರಲ್ಲ, ಕೇಳಿ. ಬರೀ ಪರವಾಗಿಲ್ಲ ಅನ್ನಬೇಡಿ ಅಷ್ಟೇ."

ಮನೆಯಲ್ಲಿ ಅವಳಮ್ಮ ಹೊಲಿಯುತ್ತ ಕೂತಿದ್ದಳು. ಮೇಷ್ಟ್ರು ಕೋಟು ಬಿಚ್ಚಲು ಹೆಣಗಾಡುತ್ತಿದ್ದರು, ಬಲಗೈ ತೋಳಿನಿಂದ ಹೊರಗೆ ಬರಲು ಒಲ್ಲೆ ಅನ್ನುತ್ತಿತ್ತು.

"ಬಂದ್ರಾ? ಏನೇ, ಅಷ್ಟು ದೊಡ್ಡ ಹೋಟೆಲಿನಲ್ಲಿ ಕೂತು ತಿಂದು ಬಂದೆ. ಊಟ ಹೇಗಿತ್ತು?"

ಮಗಳು ತನ್ನ ಪಿಟೀಲಿನ ಪೆಟ್ಟಿಗೆ ತೆರೆದು, ಸಡಿಲಾದ ತಂತಿಗಳನ್ನು ಬಿಗಿಯುತ್ತ ನೆಲದ ಮೇಲೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತಿಲ್ಲಮ್ಮ, ಆರಿಹೋಯ್ತು. ತಿನ್ನೋಕಾಗ್ಲಿಲ್ಲ" ಅಂದಳು. "ಅಪ್ಪ ನುಡಿಸ್ತಾ ಇದ್ರು."